ಕಿಟಕಿ ಬೆಳ್ಳಗೇ ಉಳಿಯಿತು

ನನ್ನ ಕೆಲಸ ಫೋನ್ ಕ್ಯಾಮೆರಾ ಟ್ಯೂನಿಂಗ್. ಸೇರಿದ ಹೊಸತರಲ್ಲಿ ಒಂದು ಮೀಟಿಂಗ್‌ನಲ್ಲಿ ದೊಡ್ಡದಾಗಿ ಮಾತಾಡಿಬಿಟ್ಟೆ. ‘ಪಿಕ್ಸೆಲ್ ಬಿನ್ನಿಂಗ್ ಹಾಕಿದರೆ ಡೈನಾಮಿಕ್ ರೇಂಜ್ ಜಾಸ್ತಿ ಆಗುತ್ತದೆ, ಕಿಟಕಿಯಾಚೆಯ ಆಕಾಶ ತಾನಾಗೇ ಕಾಣುತ್ತದೆ’ ಎಂದೆ. ಬಿನ್ನಿಂಗ್ ಎಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದಾಗಿಸುವುದು; ಡೈನಾಮಿಕ್ ರೇಂಜ್ ಎಂದರೆ ಒಂದೇ ಚಿತ್ರದಲ್ಲಿ ಹಿಡಿಯಬಹುದಾದ ಕತ್ತಲಿನಿಂದ ಬೆಳಕಿನವರೆಗಿನ ವ್ಯಾಪ್ತಿ. ಮೊದಲರ್ಧ ಸರಿ. ಉಳಿದದ್ದು ಶುದ್ಧ ತಪ್ಪು.

ಮಂದ ಬೆಳಕಿನ ಕೋಣೆ, ಒಂದು ಕುರ್ಚಿ, ಹಿಂದೆ ಉರಿಬಿಸಿಲಿನ ಕಿಟಕಿ. 48 ಮೆಗಾಪಿಕ್ಸೆಲ್‌ನಲ್ಲಿ ಒಂದು ಚಿತ್ರ, ನಾಲ್ಕು ಪಿಕ್ಸೆಲ್ ಒಂದಾಗಿಸಿ 12 ಮೆಗಾಪಿಕ್ಸೆಲ್‌ನಲ್ಲಿ ಇನ್ನೊಂದು. ಎಕ್ಸ್‌ಪೋಷರ್ (ಸೆನ್ಸರ್‌ಗೆ ಬಿಡುವ ಬೆಳಕಿನ ಪ್ರಮಾಣ) ಎರಡಕ್ಕೂ ಒಂದೇ. ಎರಡನೆಯದರಲ್ಲಿ ಕುರ್ಚಿಯ ಕೆಳಗಿನ ಕತ್ತಲು ನಿಜಕ್ಕೂ ಚೊಕ್ಕಟವಾಗಿತ್ತು. ಕಿಟಕಿ ಮಾತ್ರ ಸುಣ್ಣ ಬಳಿದ ಹಾಗೆ.

ಸೀನಿಯರ್ ಒಬ್ಬರು ಏನೂ ಹೇಳದೆ 48 ಮೆಗಾಪಿಕ್ಸೆಲ್ ರಾ ಫೈಲ್ (ಸೆನ್ಸರ್ ಕೊಟ್ಟ ಸಂಖ್ಯೆಗಳು ಹಾಗೇ ಇರುವ ಫೈಲ್) ತೆಗೆದು ಕಿಟಕಿಯ ಮೇಲೆ ಕರ್ಸರ್ ಓಡಿಸಿದರು. 1023, 1023, 1023, 1023. 10 ಬಿಟ್ ರಾ ಫೈಲಿನಲ್ಲಿ ಅದಕ್ಕಿಂತ ಮೇಲೆ ಸಂಖ್ಯೆಯೇ ಇಲ್ಲ. ‘ಸರಾಸರಿ ಎಷ್ಟು?’ ಎಂದು ಕೇಳಿದರು. ನಾನು ಸುಮ್ಮನಾದೆ. ತುಂಬಿದ ನಾಲ್ಕು ಕೊಡಗಳನ್ನು ನೋಡಿ ಎಷ್ಟು ನೀರು ಚೆಲ್ಲಿಹೋಯಿತು ಎಂದು ಹೇಳಲಾಗುವುದಿಲ್ಲ, ಅಲ್ವಾ?

ಲೆಕ್ಕ ಹೀಗಿದೆ. ನಾಲ್ಕು ಪಿಕ್ಸೆಲ್ ಕೂಡಿದರೆ ಬೆಳಕು 4 ಪಟ್ಟು. ನಾಯ್ಸ್ (ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಏರುಪೇರು) 2 ಪಟ್ಟು ಮಾತ್ರ, ಏಕೆಂದರೆ ಒಂದೊಂದು ಪಿಕ್ಸೆಲ್‌ನ ನಾಯ್ಸ್ ಅದರ ಪಾಡಿಗೆ ಅದು ಏರಿಳಿಯುತ್ತದೆ. ಹಾಗಾಗಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಲಾಭ. ಆದರೆ ಆ ಲಾಭ ಸಿಗುವುದು ಕತ್ತಲಿನ ಕಡೆ. ಓದುವ ಮೊದಲೇ ಪಿಕ್ಸೆಲ್‌ಗಳ ಚಾರ್ಜ್ (ಬೆಳಕಿನಿಂದ ಹುಟ್ಟಿದ ವಿದ್ಯುತ್) ಕೂಡಿಸುವ ಸೆನ್ಸರ್‌ಗಳಲ್ಲಿ ರೀಡ್ ನಾಯ್ಸ್ (ಓದುವಾಗ ಸೇರುವ ನಾಯ್ಸ್) ಒಂದೇ ಸಲ ಬೀಳುವುದರಿಂದ ಕತ್ತಲಿಗೆ ಇನ್ನೂ ಅನುಕೂಲ. ಉಕ್ಕಿದ ಬಿಳಿಗೆ ಯಾವ ವಿಧಾನದಲ್ಲೂ ಏನೂ ಸಿಗುವುದಿಲ್ಲ.

(ಇನ್ನೊಂದು ಎಡವಟ್ಟು: ಎರಡನ್ನೂ 100% ಜೂಮ್‌ನಲ್ಲಿ ಹೋಲಿಸಿದ್ದೆ. 48ರ ಚಿತ್ರವನ್ನು 12ಕ್ಕೆ ಇಳಿಸಿ ನೋಡಿದಾಗ ವ್ಯತ್ಯಾಸ ಅರ್ಧಕ್ಕರ್ಧ ಮಾಯ.)

ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಬಿನ್ನಿಂಗ್ ಇಟ್ಟುಕೊಂಡೇ ಮತ್ತೆ ತೆಗೆದೆವು. ಕಿಟಕಿಯಲ್ಲಿ ಮೋಡದ ಅಂಚು ಮೂಡಿತು. ಕುರ್ಚಿಯ ಕೆಳಭಾಗವನ್ನು ಬೆಳಗಿಸಿ ನೋಡಿದರೆ ನಾಯ್ಸ್ ಹೆಚ್ಚುಕಡಿಮೆ ಮೊದಲಿನ 48 ಮೆಗಾಪಿಕ್ಸೆಲ್ ಚಿತ್ರದಷ್ಟೇ. ಕತ್ತಲಲ್ಲಿ ಗಳಿಸಿದ ಸ್ಟಾಪನ್ನು ಕಿಟಕಿಗೆ ಖರ್ಚು ಮಾಡಿದ್ದೆವು, ಅಷ್ಟೇ. ಸೂರ್ಯನ ಪಕ್ಕದ ಭಾಗ ಆಗಲೂ 1023. ಅದಕ್ಕೆ ಒಂದು ಸ್ಟಾಪ್ ಎಲ್ಲಿ ಸಾಕು!