ಮಳೆಗಾಲದಲ್ಲಿ ರೂಮಿಗೆ ಬೀಗ ಹಾಕಬೇಡಿ

ಗೋಕರ್ಣದಲ್ಲಿ ಲಾಡ್ಜ್ ನೋಡಿಕೊಳ್ಳುವ ಕೆಲಸ ನನ್ನದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಪುರುಸೊತ್ತೇ ಇರುವುದಿಲ್ಲ. ಜೂನ್ ಬಂತೆಂದರೆ ಕುಡ್ಲೆ, ಓಂ ಬೀಚುಗಳು ಖಾಲಿ. ಬೀಚ್ ಬದಿಯ ಗುಡಿಸಲು ಹೋಟೆಲುಗಳು, ಅಂದರೆ ಶ್ಯಾಕ್‌ಗಳು, ಹೆಚ್ಚಿನವು ಮುಚ್ಚುತ್ತವೆ, ಕಡಲಿಗಿಳಿಯುವಂತಿಲ್ಲ, ಯಾಂತ್ರಿಕ ದೋಣಿಗಳಿಗೂ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರೆಲ್ಲ ಆಗ ಕೇಳುವುದು ಒಂದೇ, "ಅಣ್ಣ, ಗಿರಾಕಿನೇ ಇಲ್ಲ, ಬೀಗ ಹಾಕಿ ಊರಿಗೆ ಹೋದ್ರಾಯ್ತಲ್ವಾ?"

ಬೇಡ. ಇಲ್ಲಿ ಲಾಡ್ಜ್ ಹಾಳಾಗುವುದು ಗಿರಾಕಿಗಳಿಂದಲ್ಲ, ಮುಚ್ಚಿಟ್ಟ ರೂಮಿನ ತೇವದಿಂದ. ಹದಿನೈದು ದಿನ ಬಾಗಿಲು ತೆಗೆಯದಿದ್ದರೆ ಹಾಸಿಗೆಯ ಅಡಿಭಾಗಕ್ಕೆ ಕಪ್ಪು ಬೂಸ್ಟು ಹಿಡಿಯುತ್ತದೆ, ಆ ವಾಸನೆ ಒಮ್ಮೆ ಹತ್ತಿಯೊಳಗೆ ಹೊಕ್ಕಿತೆಂದರೆ ಎಷ್ಟು ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಹಾಸಿಗೆಯನ್ನು ಗೋಡೆಗೆ ತಾಗಿಸದೆ ಅಡ್ಡಕ್ಕೆ ನಿಲ್ಲಿಸಿ. ಮಳೆ ಹೊಳವಾದಾಗ ಕಿಟಕಿ ತೆಗೆದು ಫ್ಯಾನ್ ಹಾಕಿ. ಟೀವಿ, ಎಸಿ ರಿಮೋಟಿನ ಸೆಲ್ ತೆಗೆದಿಡಿ, ಸೋರಿ ಒಳಗಿನ ಸ್ಪ್ರಿಂಗ್ ತಿಂದುಹಾಕುತ್ತದೆ. ಬೀಗ, ತಿರುಗಣೆಗಳಿಗೆ ಎಣ್ಣೆ ಬಿಡಿ. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ.

ಇನ್ನೊಂದು, ಗಿರಾಕಿ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಮಹಾಬಲೇಶ್ವರನ ದರ್ಶನಕ್ಕೆ, ಪಿತೃಕಾರ್ಯಕ್ಕೆ ಬರುವವರು ಮಳೆ ನೋಡಿ ಬರುವುದಿಲ್ಲ. ಅವರಿಗೆ ಸಮುದ್ರ ಕಾಣುವ ಬಾಲ್ಕನಿ ಬೇಕಾಗಿಲ್ಲ. ನಸುಕಿನಲ್ಲಿ ಬಿಸಿನೀರು ಬೇಕು, ಒದ್ದೆ ಪಂಚೆ ಸೀರೆ ಒಣಗಿಸಲು ಮಾಡಿನಡಿ ಹಗ್ಗ ಬೇಕು, ವಯಸ್ಸಾದವರಿಗೆ ಮೆಟ್ಟಿಲಿಲ್ಲದ ರೂಮು ಬೇಕು. ಜಗಲಿಯಲ್ಲಿ ಹಗ್ಗ ಕಟ್ಟಿ ನೋಡಿ, ಅದೇ ಮನೆಯವರು ಮುಂದಿನ ವರ್ಷ ನೇರ ನಿಮಗೇ ಫೋನ್ ಮಾಡುತ್ತಾರೆ. ಬೀಚಿಗೆಂದೇ ಬರುವವರು ಫೋನಲ್ಲಿ ಕೇಳಿದರೆ ಈಜುವಂತಿಲ್ಲ ಅಂತ ಮೊದಲೇ ಹೇಳಿಬಿಡಿ. ಬುಕಿಂಗ್ ಹೋದರೆ ಹೋಗಲಿ. ಮಳೆಗಾಲದ ಅಲೆ ಎಂಥದ್ದು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ.

ಮಾಲೀಕರ ಹತ್ತಿರ ನಾನು ಜಾಸ್ತಿ ವಾದ ಮಾಡುವುದು ಸಂಬಳದ ವಿಷಯಕ್ಕೆ. ಮಳೆಗಾಲಕ್ಕೆ ಎಲ್ಲರನ್ನೂ ಬಿಡಿಸಿದರೆ ಅಕ್ಟೋಬರ್‌ನಲ್ಲಿ ಕೆಲಸ ಗೊತ್ತಿದ್ದವರು ವಾಪಸ್ ಸಿಗುವುದಿಲ್ಲ, ಗೋವಾದಲ್ಲೋ ಇನ್ನೆಲ್ಲೋ ಸೇರಿಕೊಂಡಿರುತ್ತಾರೆ. ನಮ್ಮಲ್ಲಿ ರೂಮು ಗುಡಿಸುವ ಅಕ್ಕನಿಗೆ ಜುಲೈನಲ್ಲಿ ಗದ್ದೆ ನೆಟ್ಟಿ ಇರುತ್ತದೆ. ಹಾಗಾಗಿ ಬೆಳಿಗ್ಗೆ ಗದ್ದೆ, ಮಧ್ಯಾಹ್ನದ ಮೇಲೆ ಇಲ್ಲಿ ಅಂತ ಮಾತಾಡಿಕೊಂಡಿದ್ದೇವೆ. ಅರ್ಧ ದಿನದ ಕೆಲಸ, ಆದರೆ ಸಂಬಳ ತಿಂಗಳು ತಪ್ಪದೆ ಕೈಗೆ ಸೇರಬೇಕು. ಅಷ್ಟನ್ನು ಮಾಲೀಕರ ಹತ್ತಿರ ಮೇ ತಿಂಗಳಲ್ಲೇ ಒಪ್ಪಿಸಿಕೊಳ್ಳಿ, ಗಲ್ಲಾದಲ್ಲಿ ದುಡ್ಡಿರುವಾಗಲೇ.