300ನೂ ಸರಿ, 206ನೂ ಸರಿ

ಒಂದ ಪೇಪರಿನ್ಯಾಗ ಮನುಷ್ಯಾಗ 206 ಎಲುಬು ಅಂತಾನೂ ಬರದು 300 ಎಲುಬು ಅಂತಾನೂ ಬರದು ಎರಡಕ್ಕೂ ಮಾರ್ಕ್ಸ್ ತಗೊಳ್ಳೋರು ಅಂದ್ರ ಬಿಎಎಂಎಸ್, ಅಂದ್ರ ಆಯುರ್ವೇದ ಡಾಕ್ಟರಿಕಿ ಓದೋ ಹುಡುಗರಷ್ಟ: 206 ಈಗಿನ ಲೆಕ್ಕ, 300 ಸುಶ್ರುತರ ಹಳೇ ಲೆಕ್ಕ. ವಿಜಯಪುರಕ್ಕ ಬಂದು ಫಸ್ಟ್ ಇಯರ್ ಸೇರಿದಾಗ ನಮಗ ಇದ ದೊಡ್ಡ ತಲಿಬ್ಯಾನಿ. ತೊಡಿ ಎಲುಬಿಗೆ ಇಂಗ್ಲಿಷಿನ್ಯಾಗ ಫೀಮರ್ ಅಂತಾನೂ ಕಲೀಬೇಕು ಸಂಸ್ಕೃತದಾಗ ಊರ್ವಸ್ಥಿ ಅಂತಾನೂ ಕಲೀಬೇಕು, ಕೊರಳ ಬುಡದ ಕ್ಲಾವಿಕಲ್ ಅಂದ್ರ ಅಕ್ಷಕ, ಸ್ಕ್ಯಾಪುಲಾ ಅಂದ್ರ ಅಂಸಫಲಕ, ಪಟೆಲ್ಲಾ ಅಂದ್ರ ಜಾನುಕಪಾಲ, ಸೇಕ್ರಮ್ ಅಂದ್ರ ತ್ರಿಕ. ಹತ್ತನೇತ್ತಾ ತನಕ ಕನ್ನಡ ಮೀಡಿಯಂ ಕಲ್ತು ಬಂದ ನಮ್ಮಂಥೋರಿಗೆ ಆ ಕಡೀದೂ ಹೊಸದು ಈ ಕಡೀದೂ ಹೊಸದು.

ರಚನಾ ಶಾರೀರದ, ಅಂದ್ರ ಅನಾಟಮಿ ಕಲಿಸೋ ಸರ್ ಮಾತ್ರ ಬಂದ ಕೂಡ್ಲೆ ಬುಕ್ ಮುಚ್ಚಸ್ತಿದ್ರು. "ಏ ತಮ್ಮಾ, ಎಲುಬು ನಿನ್ನ ಮೈಯಾಗ ಅದಾವು, ಬುಕ್ಕಿನ್ಯಾಗ ಏನ ಹುಡುಕ್ತಿ?" ಹೆಬ್ಬೆರಳು ಮ್ಯಾಲೆತ್ತಿ ಹಿಡಿ ಅಂತಿದ್ರು, ಅದರ ಬುಡದಾಗ ಮಣಿಕಟ್ಟಿನ ಹತ್ರ ಒಂದ ತಗ್ಗು ಬೀಳ್ತದಲ್ಲ, ಅದ ಅನಾಟಾಮಿಕಲ್ ಸ್ನಫ್‌ಬಾಕ್ಸ್, ಅಲ್ಲಿ ಒತ್ತಿದ್ರ ತಳದಾಗ ಹತ್ತೋದು ಸ್ಕ್ಯಾಫಾಯಿಡ್ ಅನ್ನೋ ಮಣಿಕಟ್ಟಿನ ಸಣ್ಣ ಎಲುಬು. ಅಂಗೈ ಊರಿ ಬಿದ್ದೋರಿಗೆ ಆ ತಗ್ಗಿನ್ಯಾಗ ನೋವು ಇತ್ತಂದ್ರ, ಮೊದಲನೇ ಎಕ್ಸ್‌ರೇದಾಗ ಏನೂ ಕಾಣವಲ್ದು ಅಂತ ಮನಿಗೆ ಕಳಸಬ್ಯಾಡ್ರಿ, ಆ ಎಲುಬಿಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆ ತುದಿಯಿಂದ ಒಳಗ ಹೋಗ್ತದ, ನಡುವ ಮುರಿದ್ರ ಮುಂಗೈ ಕಡೆ ತುಂಡಿಗೆ ರಕ್ತ ಸಿಗದ ಸಾಯಬಹುದು ಅಂತಿದ್ರು. ನಾನು ಈಗ ಇಂಡಿ ಕಡೆ ಕ್ಲಿನಿಕ್ ಇಟ್ಕೊಂಡೀನಿ, ಬೈಕ್ ಸ್ಕಿಡ್ ಆಗಿ ಕೈ ಊರಿ ಬಿದ್ದು ಬರೋರು ಇದ್ದ ಇರ್ತಾರ, ಕೈ ತಾನ ಆ ತಗ್ಗಿಗೆ ಹೋಗ್ತದ, ಅನುಮಾನ ಬಂದ್ರ ಸೀದಾ ಆರ್ಥೋ ಡಾಕ್ಟರ್ ಕಡೆ ಕಳಸ್ತೀನಿ.

ಇನ್ನ ಆ 300ರ ಕತಿ. ಆಯುರ್ವೇದದ ಹಳೇ ಗ್ರಂಥ ಸುಶ್ರುತ ಸಂಹಿತಾದಾಗ ಕೈಕಾಲಿಗೆ 120, ನಡು ಮೈಗೆ 117, ಕುತ್ತಿಗಿಂದ ಮ್ಯಾಲ 63, ಕೂಡಿ 300 ಅಂತ ಲೆಕ್ಕ ಕೊಟ್ಟದ. ಇನ್ನೊಂದು ಹಳೇ ಗ್ರಂಥ ಚರಕ ಸಂಹಿತಾದಾಗ 360. ಹಾಸ್ಟೆಲ್‌ನ್ಯಾಗ ನಮ್ಮ ದೋಸ್ತ ಒಬ್ಬ ಭಾರಿ ಥಿಯರಿ ತಗದಿದ್ದ, ಹುಟ್ಟಿದ ಕೂಸಿಗೆ ಹತ್ತಿರ ಹತ್ತಿರ 300 ಎಲುಬು ಇರ್ತಾವ, ಬೆಳಕೋತ ಬೆಳಕೋತ ಕೂಡ್ಕೊಂಡು 206 ಆಗ್ತಾವ, ಅಂದ್ರ ಸುಶ್ರುತರು ಎಣಿಸಿದ್ದು ಕೂಸಿನ ಎಲುಬು ಅಂತ. ಕ್ಲಾಸಿನ್ಯಾಗ ಹೇಳೂ ಹೇಳಿದ. ಸರ್ ನಗಲಿಲ್ಲ, ಬೈಲೂ ಇಲ್ಲ, "ಹೌದೇನಪಾ, ಕೂಸಿಗೆ 32 ಹಲ್ಲು ಎಲ್ಲಿಂದ ಬಂದ್ವು?" ಅಂದ್ರು. ಯಾಕಂದ್ರ ಸುಶ್ರುತರ ಆ 300ರ ಲೆಕ್ಕದಾಗ ಹಲ್ಲೂ ಬರ್ತಾವ, ರುಚಕ ಅಂತ. ಮೂಗು ಕಿವಿಯಾಗಿನ ಮೆತ್ತಂದು ತರುಣ, ಅದನ್ನ ಈಗ ಕಾರ್ಟಿಲೇಜ್ ಅಂತ ಹೊರಗಿಡ್ತೀವಿ. ಚರಕರಂತೂ ಹಲ್ಲಿನ ಗೂಡು 32, ಉಗುರು 20, ಅವನ್ನೂ ಸೇರಿಸ್ಯಾರ. ಪಕ್ಕೆಲುಬು, ಅದು ಕುಂಡ್ರೋ ಜಾಗಾ, ಅದರ ಗಂಟು ಮೂರನ್ನೂ ಬ್ಯಾರೆ ಬ್ಯಾರೆ ಎಣಿಸಿ 24ರ ಜಾಗಾದಾಗ 72 ಮಾಡ್ಯಾರ. ಏನನ್ನ ಎಲುಬು ಅಂತ ಹಿಡೀಬೇಕು ಅನ್ನೋದ ಬ್ಯಾರೆ ಇತ್ತು, ಎಣಿಸೋಕ ಬರ್ತಿರಲಿಲ್ಲ ಅಂತಲ್ಲ. ಹೆಣಾನ ಹುಲ್ಲಿನ್ಯಾಗ ಸುತ್ತಿ ಪಂಜರದಾಗಿಟ್ಟು ಹರಿಯೋ ನೀರಾಗ ಏಳು ರಾತ್ರಿ ಕೊಳಿಸಿ, ಲಾವಂಚ ಬಿದಿರಿನ ಕುಂಚದಿಂದ ಮೆಲ್ಲಕ ತಿಕ್ಕೋತ ಚರ್ಮದಿಂದ ಹಿಡದು ಒಂದೊಂದ ಪದರ ನೋಡ್ರಿ ಅಂತ ಸುಶ್ರುತ ಸಂಹಿತಾದಾಗ ಐತಿ, ಮತ್ತ ಅದನ್ನ ಓದಿದ ದಿನ ಮೆಸ್ಸಿನ್ಯಾಗ ಯಾರೂ ಸರಿಯಾಗಿ ಉಣ್ಣಲಿಲ್ಲ.

ವೈವಾ, ಅಂದ್ರ ಬಾಯಿ ಪರೀಕ್ಷಾದ ಬಗ್ಗೆ ಜೂನಿಯರ್‌ಗಳಿಗೆ ಒಂದ ಮಾತು. ಕ್ಲಾವಿಕಲ್ ಕೈಗೆ ಕೊಟ್ಟು ಎಡಾನೋ ಬಲಾನೋ ಅಂತ ಕೇಳ ಕೇಳ್ತಾರ. ದಪ್ಪ ತುದಿ ಎದಿ ಕಡೆ, ಚಪ್ಪಟ ತುದಿ ಭುಜದ ಕಡೆ, ಎದಿ ಕಡೆ ಮೂರರಾಗ ಎರಡು ಭಾಗ ಮುಂದಕ್ಕ ಉಬ್ಬಿರ್ತದ, ಉದ್ದ ತಗ್ಗು ಇರೋದು ಕೆಳಮೈ. ಇಷ್ಟ ನೋಡಿ ನಿಮ್ಮ ಹೆಗಲಿಗೆ ಹಿಡದು ಉತ್ತರ ಹೇಳ್ರಿ, ಅವಸರ ಬ್ಯಾಡ.

ಸೀನಿಯರ್ ಕಡೆಯಿಂದ ನಾವು ನಾಲ್ಕ ಮಂದಿ ಕೂಡಿ ತಗೊಂಡಿದ್ದ ಬೋನ್ ಸೆಟ್ ಆಮ್ಯಾಲ ಜೂನಿಯರ್‌ಗಳಿಗೆ ಕೊಟ್ಟ್ವಿ, ಅವರು ಅವರ ಜೂನಿಯರ್‌ಗಳಿಗೆ ಕೊಟ್ಟಿರಬೇಕು. ಇನ್ನೂ ಕಾಲೇಜಿನ್ಯಾಗ ತಿರಗಾಡ್ಲಿಕತ್ತಿದ್ರ, ತಗೊಳ್ಳೋ ಮುಂದ ಕಾರ್ಪಲ್, ಅಂದ್ರ ಮಣಿಕಟ್ಟಿನ ಎಲುಬು ಎಂಟು ಅದಾವೋ ಇಲ್ಲೋ ನೋಡ್ರಿ, ಬಟಾಣಿ ಕಾಳಿನಷ್ಟಿರೋ ಪಿಸಿಫಾರ್ಮ್ ಇರೂದಿಲ್ಲ, ನಾವು ತಗೊಂಡಾಗ್ಲೂ ಇರಲಿಲ್ಲ, ರೊಕ್ಕಾ ಮಾತ್ರ ಪೂರಾ ತಗೊಂಡಿದ್ರು.