ಮೊದಲ ಸಿಎನ್‌ಸಿ ಯಂತ್ರ: ದುಡ್ಡೂ ಬೆವರೂ ಫ್ರೇಮಿಗೆ ಹೋಗಲಿ

ಕಂಪ್ಯೂಟರು ಹೇಳಿದಂತೆ ತಾನೇ ಕೊರೆಯುವ, ಕಬ್ಬಿಣದ ಫ್ರೇಮಿನ ಸಿಎನ್‌ಸಿ ಯಂತ್ರವನ್ನು ಮನೆಯಲ್ಲೇ ಕಟ್ಟಲು ಹೊರಟವರು ಮೊದಲು ಕೈಹಾಕುವುದು ಮೋಟರು, ಅದಕ್ಕೆ ಕರೆಂಟು ಕೊಡುವ ಡ್ರೈವರು, ಆಜ್ಞೆ ಕೊಡುವ ಕಂಟ್ರೋಲರ್ ಬೋರ್ಡುಗಳಿಗೆ. ಅವೆಲ್ಲ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಸಾಮಾನು. ವೈರು ಸರಿಯಾಗಿ ಜೋಡಿಸಿದರೆ ಅದೇ ದಿನ ಮೋಟರು ತಿರುಗುತ್ತದೆ, ಮುಕ್ಕಾಲು ಕೆಲಸ ಮುಗಿದೇ ಹೋಯಿತು ಅನ್ನಿಸುತ್ತದೆ. ಆದರೆ ಯಂತ್ರ ಅಲ್ಯುಮಿನಿಯಂ ಕೊರೆಯುತ್ತದೋ, ಬರೀ ಕಿರುಚುತ್ತದೋ ಅನ್ನುವುದು ತೀರ್ಮಾನವಾಗುವುದು ಬೇರೆ ಕಡೆ. ಯಂತ್ರದ ಭಾಗಗಳು ಜಾರುವ ಹಳಿ, ಅಂದರೆ ರೈಲು ಕೂರುವ ಜಾಗ ಎಷ್ಟು ಸಮತಟ್ಟಾಗಿದೆ, ಮೇಜಿನ ಮೇಲೆ ಕಮಾನಿನಂತೆ ನಿಂತು ಕೊರೆಯುವ ಕಟ್ಟರನ್ನು ಹೊರುವ ಗ್ಯಾಂಟ್ರಿಯ ತೊಲೆ ಎಷ್ಟು ಬಾಗುತ್ತದೆ, ಎಲ್ಲೆಲ್ಲಿ ಬೋಲ್ಟು ಸಡಿಲ ಬಿಡುತ್ತದೆ, ಇವು ಮೂರೇ ಮುಖ್ಯ. ಬೋರ್ಡನ್ನು ಯಾವಾಗ ಬೇಕಾದರೂ ಬದಲಿಸಬಹುದು, ವೆಲ್ಡ್ ಮಾಡಿದ ಫ್ರೇಮನ್ನು ಬದಲಿಸಲು ಆಗುವುದಿಲ್ಲ.

ಗಾತ್ರದ ವಿಷಯದಲ್ಲಿ ದೊಡ್ಡ ಆಸೆ ಬೇಡ. ಎಕ್ಸ್ (ಎಡಬಲ) 400, ವೈ (ಹಿಂದೆ ಮುಂದೆ) 400, ಝಡ್ (ಮೇಲೆ ಕೆಳಗೆ) 100 ಮಿ.ಮೀ. ಓಡಾಟ ಮೊದಲ ಯಂತ್ರಕ್ಕೆ ಧಾರಾಳ. ತೊಲೆಯ ಉದ್ದ ದುಪ್ಪಟ್ಟಾದರೆ ಅದೇ ಹೊರೆಗೆ ಬಾಗುವುದು ಎಂಟು ಪಟ್ಟು, ಹಾಗಾಗಿ ದೊಡ್ಡ ಹಲಗೆ ಕತ್ತರಿಸುವ ಕನಸನ್ನು ಎರಡನೇ ಯಂತ್ರಕ್ಕೆ ಎತ್ತಿಡಿ. ಈ ಗಾತ್ರಕ್ಕೆ ಗ್ಯಾಂಟ್ರಿ ನಿಂತಲ್ಲೇ ನಿಂತು ಮೇಜು ಮಾತ್ರ ಹಿಂದೆ ಮುಂದೆ ಓಡುವ ವಿನ್ಯಾಸ ವಾಸಿ. ಜಾಗ ಹೆಚ್ಚು ತಿನ್ನುತ್ತದೆ ನಿಜ, ಆದರೆ ಗ್ಯಾಂಟ್ರಿಯನ್ನು ಎಷ್ಟು ಭಾರವಾಗಿ ಬೇಕಾದರೂ ಮಾಡಬಹುದು. ಅದನ್ನು ಎಳೆದಾಡುವ ಮೋಟರಿನ ಚಿಂತೆ ಇಲ್ಲ, ಎರಡು ಕಡೆ ಎರಡು ಮೋಟರು ಹಾಕಿ ಓರೆಯಾಗದಂತೆ ಕಾಯುವ ತಲೆನೋವೂ ಇಲ್ಲ.

ಪೈಪಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. 700 ಮಿ.ಮೀ. ಉದ್ದದ ತೊಲೆಯ ಎರಡೂ ತುದಿಗೆ ಆಧಾರ ಕೊಟ್ಟು ನಡುವೆ 100 ನ್ಯೂಟನ್, ಅಂದರೆ ಸುಮಾರು 10 ಕೆ.ಜಿ. ಭಾರ ಹಾಕಿದರೆ 40×40×2 ಮಿ.ಮೀ. ಬಾಕ್ಸ್ ಪೈಪು 0.05 ಮಿ.ಮೀ. ಬಾಗುತ್ತದೆ. 80×80×4 ಪೈಪು ಬಾಗುವುದು 0.003 ಮಿ.ಮೀ. ಮಾತ್ರ. ತೂಕ ಮೀಟರಿಗೆ 2.4 ಕೆ.ಜಿ.ಯಿಂದ 9.5 ಕೆ.ಜಿ.ಗೆ, ಅಂದರೆ ನಾಲ್ಕು ಪಟ್ಟು ಏರಿತು, ಬಿಗಿ, ಅಂದರೆ ಬಾಗದೆ ನಿಲ್ಲುವ ಶಕ್ತಿ, ಹದಿನಾರು ಪಟ್ಟು ಏರಿತು. ಅದೇ ಅಳತೆಯ ಅಲ್ಯುಮಿನಿಯಂ ತಂದರೆ ಬಿಗಿ ಕಬ್ಬಿಣದ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ನೆನಪಿಡಬೇಕಾದ್ದು, ಕಟ್ಟರ್ ತೊಲೆಯಿಂದ ಕೆಳಗೆ ಜೋತುಬಿದ್ದಿರುತ್ತದೆ. ಕೊರೆಯುವಾಗ ತೊಲೆ ಬಾಗುವುದಕ್ಕಿಂತ ತಿರುಚಿಕೊಳ್ಳುವುದೇ ಹೆಚ್ಚು. ಸಿ ಚಾನೆಲ್, ಆಂಗಲ್ ಇವು ನೋಡಲು ದಪ್ಪಗಿದ್ದರೂ ತಿರುಚಿಗೆ ನಿಲ್ಲುವುದಿಲ್ಲ. ಸುತ್ತಲೂ ಮುಚ್ಚಿದ ಪೈಪೇ ಬೇಕು. 80×80×4 ಪೈಪು ಎರಡನ್ನು ಒಂದರ ಮೇಲೊಂದಿಟ್ಟು ಸೇರಿಸಿದರೆ 160 ಮಿ.ಮೀ. ಎತ್ತರದ ಮುಖ ಸಿಗುತ್ತದೆ. ಎಕ್ಸ್ ರೈಲುಗಳೆರಡನ್ನೂ ಅದರ ಮೇಲೆ ಸುಮಾರು 120 ಮಿ.ಮೀ. ಅಂತರದಲ್ಲಿ ಕೂರಿಸಬಹುದು.

ಪೈಪಿಗಿಂತ ಮೊದಲು ಸೋಲುವುದು ಕೀಲುಗಳು. ಗ್ಯಾಂಟ್ರಿಯ ಕಂಬ ತಳಕ್ಕೆ ಸೇರುವಲ್ಲಿ 12 ಮಿ.ಮೀ. ಪ್ಲೇಟು, ಒಂದೊಂದು ಕಂಬಕ್ಕೆ ಕಡಿಮೆಯೆಂದರೆ ನಾಲ್ಕು ಎಂ10 ಬೋಲ್ಟು, ಹಿಂದುಗಡೆ ತ್ರಿಕೋನದ ಆನಿಕೆ ಪ್ಲೇಟು ಇರಲಿ. ಪೈಪಿನ ಎರಡೂ ಗೋಡೆಗೆ ಅಡ್ಡಲಾಗಿ ಬೋಲ್ಟು ಹಾಕುವುದಾದರೆ ಒಳಗೆ ಕೊಳವೆ ತುಂಡು ಕೊಡಿ. ಇಲ್ಲದಿದ್ದರೆ ಬಿಗಿ ಮಾಡಿದಷ್ಟೂ ಪೈಪು ಚಪ್ಪಟೆಯಾಗುತ್ತದೆ, ಬೋಲ್ಟು ಮಾತ್ರ ಬಿಗಿಯಾಗುವುದಿಲ್ಲ. ಪೈಪಿನೊಳಗೆ ಒಣ ಮರಳು ತುಂಬಿದರೆ ಅದುರುವುದು ಸ್ವಲ್ಪ ತಗ್ಗುತ್ತದೆ, ಬಿಗಿ ಹೆಚ್ಚುವುದಿಲ್ಲ.

ರೈಲಿಗೆ ಎಕ್ಸ್ ಮತ್ತು ವೈ ಎರಡಕ್ಕೂ 20 ಮಿ.ಮೀ. ಅಗಲದ ಎಚ್‌ಜಿಆರ್20, ಝಡ್‌ಗೆ ಎಚ್‌ಜಿಆರ್15 ಸಾಕು. ಪ್ರತಿ ದಿಕ್ಕಿಗೆ ಎರಡು ರೈಲು, ಪ್ರತಿ ರೈಲಿಗೆ ಎರಡರಂತೆ ಅದರ ಮೇಲೆ ಜಾರುವ ಬ್ಲಾಕು ಒಟ್ಟು ಹನ್ನೆರಡು. ಉದ್ದದ ಲೆಕ್ಕ ಸುಲಭ: ಓಡಾಟ, ಎರಡು ಬ್ಲಾಕಿನ ಹೊರ ಅಂಚಿನಿಂದ ಅಂಚಿಗಿರುವ ಅಳತೆ, ಒಂದೊಂದು ತುದಿಯಲ್ಲಿ 20 ಮಿ.ಮೀ. ವೈಗೆ 400+250+40, ಅಂದರೆ 690, ದುಂಡಾಗಿ 700 ಮಿ.ಮೀ. ತರಿಸಿ. ಎಕ್ಸ್‌ಗೆ 600, ಝಡ್‌ಗೆ 250. ಎಸ್‌ಬಿಆರ್16 ಎಂಬ ದುಂಡು ರೈಲು ಅಗ್ಗ ಅಂತ ಮನಸ್ಸು ಎಳೆಯುತ್ತದೆ. ಅದರ ಬೇರಿಂಗು ಕೆಳಗೆ ತೆರೆದಿರುವುದರಿಂದ ಮೇಲಕ್ಕೆಳೆವ ಬಲಕ್ಕೆ ಸೋಲುತ್ತದೆ, ಮರಕ್ಕಷ್ಟೇ ಸೈ.

ಇನ್ನು ಇಡೀ ಯೋಜನೆಯ ಹೊಸ್ತಿಲು: ರೈಲು ಕೂರುವ ಮೇಲ್ಮೈ. 4 ಮಿ.ಮೀ. ಗೋಡೆಯಲ್ಲಿ ಎಂ5 ಬೋಲ್ಟಿಗೆ ಸಿಗುವುದು ಐದೇ ಸುತ್ತು ಥ್ರೆಡ್ಡು. ಹಾಗಾಗಿ ರೈಲಿನಡಿ 10–12 ಮಿ.ಮೀ. ದಪ್ಪದ ಪಟ್ಟಿಯನ್ನು ಪೈಪಿಗೆ ವೆಲ್ಡ್ ಮಾಡಿ. ಒಂದೇ ಉಸಿರಿಗೆ ಉದ್ದಕ್ಕೂ ವೆಲ್ಡ್ ಎಳೆದರೆ ಪಟ್ಟಿಯೂ ಪೈಪೂ ಬಾಳೆಹಣ್ಣಿನಂತೆ ಬಾಗುತ್ತವೆ. 25–30 ಮಿ.ಮೀ. ತುಂಡು ತುಂಡಾಗಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹಾಕಿ, ಕೈಗೆ ಬೆಚ್ಚಗಾಗುವಷ್ಟು ಆರಲು ಬಿಟ್ಟು ಮುಂದುವರಿಸಿ. ಹೀಗೆ ಮಾಡಿದರೂ ಸ್ವಲ್ಪ ಬಾಗುವುದು ತಪ್ಪಿದ್ದಲ್ಲ. ಆದ್ದರಿಂದ ವೆಲ್ಡಿಂಗ್ ಪೂರ್ತಿ ಮುಗಿಸಿ, ಆಮೇಲೆ ದೊಡ್ಡ ಮಿಲ್ಲಿಂಗ್ ಯಂತ್ರವಿರುವ ವರ್ಕ್‌ಶಾಪಿಗೆ ಕೊಟ್ಟು ಎರಡೂ ಪಟ್ಟಿಯ ಮುಖವನ್ನು ಒಂದೇ ಸಲ ಕಟ್ಟಿ, ನಡುವೆ ಬಿಚ್ಚದೆ ಮಿಲ್ ಮಾಡಿಸಿ. ಬಿಚ್ಚಿ ತಿರುಗಿಸಿ ಕಟ್ಟಿದರೆ ಎರಡು ಪಟ್ಟಿಯೂ ಒಂದೇ ಮಟ್ಟದಲ್ಲಿರುವ ಭರವಸೆ ಹೋಯಿತು. ಮಿಲ್ ಆದ ಮೇಲೆ ‘ಇಲ್ಲೊಂದು ಚಿಕ್ಕ ಕ್ಲಿಪ್ಪು’ ಅಂತ ಒಂದು ಚುಕ್ಕಿ ವೆಲ್ಡು (ಟ್ಯಾಕ್) ಕೂಡ ಹಾಕಬೇಡಿ.

ಮಿಲ್ಲಿಂಗ್ ಸಿಗದಿದ್ದರೆ ಎಪಾಕ್ಸಿ ಸುರಿಯುವ ದಾರಿಯಿದೆ. ತೆಳ್ಳಗೆ ಹರಿಯುವ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ತನ್ನಷ್ಟಕ್ಕೆ ತಾನೇ ಮಟ್ಟ ಹಿಡಿಯುತ್ತದೆ. ಎರಡೂ ಪಟ್ಟಿಯ ಸುತ್ತ ತಡೆ ಕಟ್ಟಿ, ನಡುವೆ ಅಡ್ಡ ಕಾಲುವೆಯಿಂದ ಸೇರಿಸಿದರೆ ಎರಡರಲ್ಲೂ ಒಂದೇ ಮಟ್ಟ ನಿಲ್ಲುತ್ತದೆ. ಆಳ ಕನಿಷ್ಠ 5–6 ಮಿ.ಮೀ. ಇರಲಿ. ತಡೆಯ ಅಂಚಿನಲ್ಲಿ ದ್ರವ ಮೇಲಕ್ಕೆ ಹತ್ತಿಕೊಳ್ಳುತ್ತದೆ. ಅದಕ್ಕೇ ತಡೆಯೊಳಗಿನ ಜಾಗ ರೈಲಿಗಿಂತ ಎರಡೂ ಬದಿ 15 ಮಿ.ಮೀ. ಅಗಲವಾಗಿರಬೇಕು, ಗಟ್ಟಿಯಾದ ಮೇಲೆ ಆ ದಿಣ್ಣೆಯನ್ನು ಕೆರೆದು ತೆಗೆಯಬೇಕು. ಫ್ರೇಮಿಗೆ ಮೊದಲೇ ರಸಮಟ್ಟ ಹಿಡಿದಿಡಿ. ಪೂರ್ತಿ ಗಟ್ಟಿಯಾಗುವ ತನಕ ಫ್ರೇಮನ್ನು ಮುಟ್ಟಬೇಡಿ, ಡಬ್ಬದ ಮೇಲೆ ಬರೆದ ಸಮಯಕ್ಕಿಂತ ಒಂದು ದಿನ ಹೆಚ್ಚೇ ಕಾಯಿರಿ.

ಥ್ರೆಡ್ಡು ಕೊರೆಯಲು ಎಚ್‌ಜಿಆರ್20ರ ಎಂ5 ಟ್ಯಾಪಿಗೆ 4.2 ಮಿ.ಮೀ., ಎಚ್‌ಜಿಆರ್15ರ ಎಂ4ಗೆ 3.3 ಮಿ.ಮೀ. ಡ್ರಿಲ್. ತೂತುಗಳ ಅಂತರ ಎರಡೂ ಬಗೆಯ ರೈಲಿನಲ್ಲಿ 60 ಮಿ.ಮೀ. ಗುರುತು ಹಾಕುವಾಗ ಟೇಪು ನಂಬಬೇಡಿ, ರೈಲನ್ನೇ ಇಟ್ಟು ಅದರ ತೂತಿನಿಂದಲೇ ಪಂಚ್ ಹೊಡೆಯಿರಿ. ಮೊದಲು ಒಂದು ರೈಲನ್ನು ನೇರವಾದ ಅಂಚಿಗೆ ಒತ್ತಿ, ನಡುವಿನಿಂದ ತುದಿಗಳ ಕಡೆಗೆ ಬಿಗಿ ಮಾಡುತ್ತಾ ಹೋಗಿ. ಅದೇ ಯಜಮಾನ ರೈಲು. ಅದರ ಬ್ಲಾಕಿನ ಮೇಲೆ, ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು ಕಟ್ಟಿ, ಮೊನೆಯನ್ನು ಎರಡನೇ ರೈಲಿನ ಪಕ್ಕಕ್ಕೆ ತಾಗಿಸಿ, ಬ್ಲಾಕು ತಳ್ಳುತ್ತಾ ಒಂದೊಂದೇ ಬೋಲ್ಟು ಬಿಗಿ ಮಾಡಿ. ಉದ್ದಕ್ಕೂ 0.02 ಮಿ.ಮೀ. ಒಳಗೆ ಬಂದರೆ ಸಾಕು. ಮೇಜನ್ನು ಒಂದು ಬೆರಳಲ್ಲಿ ತಳ್ಳಿ ನೋಡಿ: ನಡುವೆ ಸಲೀಸು, ತುದಿಗೆ ಹೋದಂತೆ ಬಿಗಿ ಅನ್ನಿಸಿದರೆ ರೈಲುಗಳು ಸಮಾನಾಂತರವಿಲ್ಲ. ಇಡೀ ಉದ್ದಕ್ಕೂ ಬಿಗಿಯಿದ್ದರೆ ಎತ್ತರದಲ್ಲಿ ವ್ಯತ್ಯಾಸ, ಅಡಿಗೆ ತೆಳು ತಗಡು, ಅಂದರೆ ಶಿಮ್ ಬೇಕು. ಬ್ಲಾಕನ್ನು ರೈಲಿನಿಂದ ಸುಮ್ಮನೆ ಎಳೆಯಬೇಡಿ. ಜೊತೆಗೆ ಬಂದ ಪ್ಲಾಸ್ಟಿಕ್ ರೈಲಿನ ತುಂಡಿಗೆ ಜಾರಿಸಿ, ಇಲ್ಲದಿದ್ದರೆ ಒಳಗಿನ ಗುಂಡುಗಳು ನೆಲದ ಮೇಲೆ. ಮೇಜನ್ನು ಓಡಿಸುವ ಬಾಲ್ ಸ್ಕ್ರೂವಿನ (ಗುಂಡುಗಳ ಮೇಲೆ ತಿರುಗುವ ತಿರುಪಿನ) ನಟ್ಟಿಗೂ ಇದೇ ಎಚ್ಚರಿಕೆ.

ಮೂರೂ ಆಕ್ಸಿಸ್‌ಗೆ ಎಸ್‌ಎಫ್‌ಯು1605 ಬಾಲ್ ಸ್ಕ್ರೂ ಹಾಕಿ. 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ಮುನ್ನಡೆ. ಒಂದು ತುದಿಗೆ ಬಿಕೆ12, ಇನ್ನೊಂದಕ್ಕೆ ಬಿಎಫ್12 ಬೇರಿಂಗ್ ಆಧಾರ. ಒತ್ತಡ ತಡೆಯುವುದು ಬಿಕೆ, ಬಿಎಫ್ ಬರೀ ತೂಗಾಡದಂತೆ ಹಿಡಿದಿರುತ್ತದೆ. ಜೋಡಿಸುವ ಕ್ರಮ ತಪ್ಪಿದರೆ ಸ್ಕ್ರೂ ಒಂದು ತುದಿಯಲ್ಲಿ ಕಚ್ಚುತ್ತದೆ. ಬಿಕೆ ಬಿಗಿ ಮಾಡಿ, ಮೇಜನ್ನು ಆ ತುದಿಗೆ ತಂದು ನಟ್ಟಿನ ಬ್ರಾಕೆಟ್ಟು ಬಿಗಿ ಮಾಡಿ, ಆಮೇಲೆ ಮೇಜನ್ನು ಇನ್ನೊಂದು ತುದಿಗೆ ಒಯ್ದು ಬಿಎಫ್ ಬಿಗಿ ಮಾಡಿ. ಬ್ರಾಕೆಟ್ಟಿಗೂ ಮೇಜಿಗೂ ನಡುವೆ ಸಂದಿಯಿದ್ದರೆ ಬೋಲ್ಟಿನಿಂದ ಎಳೆದು ಮುಚ್ಚಬೇಡಿ, ಶಿಮ್ ಕೊಡಿ.

ಮೋಟರಿನ ದಂಡ 6.35 ಅಥವಾ 8 ಮಿ.ಮೀ., ಬಿಕೆ12ರ ಕಡೆಯ ಸ್ಕ್ರೂ ತುದಿ 10 ಮಿ.ಮೀ. ಇವೆರಡನ್ನೂ ಸೇರಿಸುವ ಕಪ್ಲಿಂಗ್ ತರಿಸುವಾಗ ಎರಡೂ ಅಳತೆ ನೋಡಿಕೊಳ್ಳಿ. ಸುರುಳಿ ಸೀಳಿನ ಅಗ್ಗದ ಕಪ್ಲಿಂಗ್ ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತದೆ, ನಡುವೆ ರಬ್ಬರ್ ನಕ್ಷತ್ರವಿರುವ, ದಂಡವನ್ನು ಅಪ್ಪಿ ಹಿಡಿಯುವ ಬಗೆ ವಾಸಿ. ಕೊರೆದದ್ದು ಪ್ರತಿ ಸಲ ಒಂದೇ ದಿಕ್ಕಿಗೆ ಚೂರು ಚೂರು ಸರಿಯುತ್ತಿದ್ದರೆ ಸಾಫ್ಟ್‌ವೇರನ್ನು ಬೈಯುವ ಮೊದಲು ದಂಡ ಮತ್ತು ಕಪ್ಲಿಂಗ್ ಮೇಲೆ ಸೇರಿಸಿ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಅರ್ಧ ಗಂಟೆ ಓಡಿಸಿದ ಮೇಲೆ ಗೆರೆ ಎರಡು ತುಂಡಾಗಿದ್ದರೆ ಕಳ್ಳ ಸಿಕ್ಕಿದ.

ವಿದ್ಯುತ್ ಭಾಗ ಬೇಗ ಮುಗಿಯುತ್ತದೆ. ಸುಮಾರು 2 ನ್ಯೂಟನ್ ಮೀಟರಿನ ನೀಮಾ 23 ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟರು ಮೂರು, ಡಿಎಂ542 ಬಗೆಯ ಡ್ರೈವರು ಮೂರು, 36 ವೋಲ್ಟಿನ ಸಪ್ಲೈ. ಆರ್ಡುಇನೋ ಊನೋ ಎಂಬ ಚಿಕ್ಕ ಬೋರ್ಡಿನ ಮೇಲೆ ಯಂತ್ರ ಓಡಿಸುವ ಸಾಫ್ಟ್‌ವೇರಾದ ಜಿಆರ್‌ಬಿಎಲ್ ಹಾಕಿದರೂ ನಡೆಯುತ್ತದೆ. ಮೋಟರಿಗೆ ಸುತ್ತಿಗೆ 200 ಹೆಜ್ಜೆ, ಡ್ರೈವರಿನಲ್ಲಿ ಎಂಟರ ಮೈಕ್ರೋಸ್ಟೆಪ್ ಇಟ್ಟು ಒಂದೊಂದು ಹೆಜ್ಜೆಯನ್ನೂ ಎಂಟು ಮಾಡಿದರೆ 1600, ಅದನ್ನು 5ರಿಂದ ಭಾಗಿಸಿದರೆ ಮಿ.ಮೀ.ಗೆ 320. ಜಿಆರ್‌ಬಿಎಲ್‌ನ ಸೆಟ್ಟಿಂಗುಗಳಾದ $100, $101, $102 ಮೂರಕ್ಕೂ ಇದೇ ಅಂಕಿ. ಊನೋ ಸೆಕೆಂಡಿಗೆ ಸುಮಾರು 30,000 ಹೆಜ್ಜೆ ಕಳಿಸಬಲ್ಲದು, ಅಂದರೆ ನಿಮಿಷಕ್ಕೆ 5600 ಮಿ.ಮೀ. ಮಿತಿ. ಮೂವತ್ತೆರಡರ ಮೈಕ್ರೋಸ್ಟೆಪ್ ಇಟ್ಟರೆ ನಯ ಹೆಚ್ಚುತ್ತದೆಂದು ಹೋದವರಿಗೆ ಸಿಗುವುದು 1400 ಮಾತ್ರ. ವೇಗವರ್ಧನೆ $120ರಿಂದ $122ರ ತನಕ 100ರಲ್ಲಿ ಶುರುಮಾಡಿ ನಿಧಾನಕ್ಕೆ ಏರಿಸಿ. ಕರೆಂಟು ಇರುವಾಗ ಮೋಟರಿನ ವೈರು ಕಿತ್ತರೆ ಡ್ರೈವರು ಸುಡುತ್ತದೆ. ಇನ್ನೊಂದು ಮಾತು: ಬಾಲ್ ಸ್ಕ್ರೂ ಹಿಮ್ಮುಖವಾಗಿಯೂ ತಿರುಗುತ್ತದೆ. ಮೋಟರು ಬಿಟ್ಟ ಕೂಡಲೇ ಕಟ್ಟರನ್ನು ತಿರುಗಿಸುವ ಸ್ಪಿಂಡಲ್ ತನ್ನ ಭಾರಕ್ಕೆ ಕೆಳಗಿಳಿದು ಕಟ್ಟರ್ ಮುರಿಯಬಹುದು. $1ಕ್ಕೆ 255 ಕೊಟ್ಟರೆ ಮೋಟರು ಹಿಡಿದೇ ಇರುತ್ತದೆ. ಸ್ವಿಚ್ ಆರಿಸುವ ಮೊದಲು ಸ್ಪಿಂಡಲ್ ಕೆಳಗೆ ಮರದ ತುಂಡಿಡಿ.

1.5 ಕಿಲೋವ್ಯಾಟ್ ಸ್ಪಿಂಡಲ್, ಅದಕ್ಕೆ ಕರೆಂಟಿನ ಆವರ್ತನ ಬದಲಿಸಿ ವೇಗ ಹತೋಟಿಯಲ್ಲಿಡುವ ವಿಎಫ್‌ಡಿ. ನಿಮಿಷಕ್ಕೆ 24,000 ಸುತ್ತಿನ ಸ್ಪಿಂಡಲ್‌ಗೆ 400 ಹರ್ಟ್ಸ್ ಬೇಕು. ಅನೇಕ ವಿಎಫ್‌ಡಿಗಳು 50 ಹರ್ಟ್ಸ್‌ಗೆ ಹೊಂದಿಸಿಯೇ ಬರುತ್ತವೆ. ಮೂಲ ಆವರ್ತನ, ವೋಲ್ಟೇಜು, ಕರೆಂಟ್ ಮಿತಿ ಇವನ್ನು ಸ್ಪಿಂಡಲ್ ಮೇಲಿನ ಫಲಕ ನೋಡಿ ತುಂಬದೆ ಓಡಿಸಿದರೆ 50 ಹರ್ಟ್ಸ್‌ನಲ್ಲೇ ಪೂರ್ತಿ ವೋಲ್ಟೇಜು ಹೋಗಿ ಸುರುಳಿ ಸುಡುತ್ತದೆ. ಸ್ಪಿಂಡಲ್‌ಗೆ ಶೀಲ್ಡ್ ಇರುವ ಕೇಬಲ್ಲನ್ನೇ ಹಾಕಿ, ಶೀಲ್ಡನ್ನು ವಿಎಫ್‌ಡಿಯ ಅರ್ಥಿಗೆ ಸೇರಿಸಿ, ಫ್ರೇಮಿಗೂ ಅರ್ಥಿಂಗ್ ಕೊಡಿ. ಓಡಾಟದ ತುದಿಯಲ್ಲಿ ಯಂತ್ರ ನಿಲ್ಲಿಸುವ ಲಿಮಿಟ್ ಸ್ವಿಚ್ಚು ಸಾಮಾನ್ಯವಾಗಿ ಮುಚ್ಚಿರುವ ಬಗೆಯದಿರಲಿ, ವೈರು ತುಂಡಾದರೂ ಯಂತ್ರ ನಿಲ್ಲುತ್ತದೆ. ಸ್ಪಿಂಡಲ್ ಶುರುವಾದ ಕೂಡಲೇ ಯಾರೂ ಮುಟ್ಟದೆಯೇ ಲಿಮಿಟ್ ಅಲಾರಂ ಬಂದರೆ ಅದು ವಿಎಫ್‌ಡಿಯ ವಿದ್ಯುತ್ ಗದ್ದಲ. ಲಿಮಿಟ್ ವೈರನ್ನು ದೂರ ಸರಿಸಿ, ಬೋರ್ಡಿನ ಬಳಿ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಅಥವಾ ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ಹಾಕಿ. ತುರ್ತು ನಿಲುಗಡೆಯ ಗುಂಡಿ ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಮೂಲಕ ಕರೆಂಟನ್ನೇ ಕಡಿಯಬೇಕು, ಬೋರ್ಡಿಗೆ ವಿನಂತಿ ಕಳಿಸುವ ಗುಂಡಿಯನ್ನು ನಂಬಬೇಡಿ.

ಎಕ್ಸ್, ವೈ ಒಂದಕ್ಕೊಂದು ಲಂಬವಾಗಿವೆಯೇ ನೋಡಲು ಹಲಗೆಯಲ್ಲಿ 300×300 ಚೌಕದ ನಾಲ್ಕು ಮೂಲೆಗೆ ತೂತು ಕೊರೆದು ಎರಡೂ ಕರ್ಣ ಅಳೆಯಿರಿ. ಕರ್ಣಗಳಲ್ಲಿ 0.5 ಮಿ.ಮೀ. ವ್ಯತ್ಯಾಸವಿದ್ದರೆ 300 ಮಿ.ಮೀ.ಗೆ ಸುಮಾರು 0.35 ಮಿ.ಮೀ. ಓರೆ. ಗ್ಯಾಂಟ್ರಿಯ ಬೋಲ್ಟು ಸಡಿಲಿಸಿ ತಿದ್ದಿ. ಆಮೇಲೆ ಸ್ಪಿಂಡಲ್‌ಗೆ ಡಯಲ್ ಗೇಜು ಕಟ್ಟಿ ಮೇಜಿನ ಮೇಲೆ 200 ಮಿ.ಮೀ. ವ್ಯಾಸದ ಸುತ್ತು ಹೊಡೆಸಿ, ನಾಲ್ಕೂ ದಿಕ್ಕಿಗೆ 0.05 ಮಿ.ಮೀ. ಒಳಗೆ ಬರುವ ತನಕ ಝಡ್ ಪ್ಲೇಟಿಗೆ ಶಿಮ್ ಕೊಡಿ.

ಮೊದಲು ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಆಮೇಲೆ ಅಲ್ಯುಮಿನಿಯಂ. ಒಂದೇ ಅಲಗಿನ 6 ಮಿ.ಮೀ. ಕಾರ್ಬೈಡ್ ಕಟ್ಟರ್, ನಿಮಿಷಕ್ಕೆ 18,000 ಸುತ್ತು, ಒಂದು ಸುತ್ತಿಗೆ 0.03 ಮಿ.ಮೀ. ಕಡಿತ, ಅಂದರೆ ನಿಮಿಷಕ್ಕೆ 540 ಮಿ.ಮೀ. ಓಟ, ಆಳ 0.5 ಮಿ.ಮೀ. ಹೆದರಿ ಓಟವನ್ನು 100ಕ್ಕೆ ಇಳಿಸಿದರೆ ಅಲಗು ಕಡಿಯುವ ಬದಲು ಉಜ್ಜುತ್ತದೆ, ಬಿಸಿಯೇರಿ ಅಲ್ಯುಮಿನಿಯಂ ಅಲಗಿಗೇ ಅಂಟಿಕೊಂಡು ಕಟ್ಟರ್ ಪಟ್ಟನೆ ಮುರಿಯುತ್ತದೆ. ಚೂರುಗಳನ್ನು ಗಾಳಿಯಿಂದ ಊದಿ ತೆಗೆಯುತ್ತಲೇ ಇರಿ. ಕಿರುಚಿದರೆ ಆಳ ತಗ್ಗಿಸಿ ನೋಡಿ, ನಿಲ್ಲದಿದ್ದರೆ ಯಂತ್ರ ಆರಿಸಿ ಸ್ಪಿಂಡಲಿನ ಮೂತಿಗೆ ಡಯಲ್ ಗೇಜು ತಾಗಿಸಿ ಕೈಯಿಂದ ಒತ್ತಿ. ಮುಳ್ಳು ಎಷ್ಟು ಸರಿಯಿತು ನೋಡಿ. ಗೇಜನ್ನು ಝಡ್ ಪ್ಲೇಟಿಗೆ, ಎಕ್ಸ್ ಬ್ಲಾಕಿಗೆ, ತೊಲೆಗೆ, ಕಂಬಕ್ಕೆ ಒಂದೊಂದಾಗಿ ಸರಿಸುತ್ತಾ ಅದೇ ಬಲದಲ್ಲಿ ಒತ್ತುತ್ತಾ ಹೋಗಿ. ಯಾವ ಎರಡು ಜಾಗದ ನಡುವೆ ಅಂಕಿ ದಿಢೀರನೆ ಇಳಿಯಿತೋ ಆ ಕೀಲನ್ನೇ ಮೊದಲು ಬಿಗಿ ಮಾಡಿ.